ಪೊಟ್ಸುವೋಲಿಯ ಏರಿಳಿಯುವ ನೆಲ

ಇಟಲಿಯ ನೇಪಲ್ಸ್ ನಗರದ ಪಶ್ಚಿಮಕ್ಕಿರುವ ಪೊಟ್ಸುವೋಲಿ ಪಟ್ಟಣದಲ್ಲಿ ರೋಮನ್ನರ ಕಾಲದ ಮಾರುಕಟ್ಟೆಯ ಮೂರು ಅಮೃತಶಿಲೆಯ ಕಂಬಗಳು ಇಂದಿಗೂ ನಿಂತಿವೆ. ಆಳೆತ್ತರಕ್ಕಿಂತ ಮೇಲೆ ಅವುಗಳ ಸುತ್ತ ಕಲ್ಲು ಕೊರೆಯುವ ಕಡಲ ಚಿಪ್ಪುಜೀವಿಗಳು ಮಾಡಿದ ರಂಧ್ರಗಳಿವೆ. ಒಣನೆಲದಲ್ಲಿ ಕಟ್ಟಿದ ಕಂಬಗಳು ನಡುವೆ ಸಮುದ್ರದಲ್ಲಿ ಮುಳುಗಿ ಮತ್ತೆ ಮೇಲೆದ್ದವು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರಲ್ಲಿ ತನ್ನ ಗ್ರಂಥದ ಮುಖಚಿತ್ರಕ್ಕೆ ಇವನ್ನೇ ಆರಿಸಿಕೊಂಡ. ಪೊಟ್ಸುವೋಲಿಯನ್ನು ತನ್ನೊಳಗೇ ಹೊತ್ತಿರುವ ಕಾಂಪಿ ಫ್ಲೆಗ್ರೇ ಜ್ವಾಲಾಮುಖಿಯ ಮೊದಲ ಅಳತೆಗೋಲು ಈ ಕಂಬಗಳೇ ಎಂದರೆ ತಪ್ಪಾಗದು.

ಕಾಂಪಿ ಫ್ಲೆಗ್ರೇ ಶಿಖರವುಳ್ಳ ಬೆಟ್ಟವಲ್ಲ. ಸುಮಾರು 40,000 ವರ್ಷಗಳ ಹಿಂದಿನ ಭಾರಿ ಸ್ಫೋಟದಿಂದ ಒಡಲು ಬರಿದಾಗಿ ನೆಲ ಕುಸಿದು ಉಂಟಾದ, 12–15 ಕಿಲೋಮೀಟರ್ ಅಗಲದ ಈ ತಗ್ಗಿನ ಒಂದು ಭಾಗ ಕಡಲೊಳಗಿದೆ, ಉಳಿದುದರಲ್ಲಿ ಜನವಸತಿಯಿದೆ. ಕೊನೆಯ ಸ್ಫೋಟ 1538ರಲ್ಲಿ ನಡೆದು, ಸುಮಾರು ಒಂದು ವಾರದಲ್ಲಿ ಮೊಂಟೆ ನುವೋವೊ, ಅಂದರೆ 'ಹೊಸ ಬೆಟ್ಟ', ಎದ್ದು ನಿಂತಿತು. ಅದಕ್ಕೆ ಮುನ್ನ ನೆಲ ಉಬ್ಬಿ ಕಡಲು ಹಿಂದೆ ಸರಿದುದನ್ನು, ದಡದಲ್ಲಿ ಮೀನುಗಳು ಬಿದ್ದಿದ್ದುದನ್ನು ಆ ಕಾಲದವರೇ ಬರೆದಿಟ್ಟಿದ್ದಾರೆ.

ಆ ದಾಖಲೆಯ ನೆನಪಿನಿಂದಲೇ, ನೆಲ ಏರಿದಾಗಲೆಲ್ಲ ಭಯವೂ ಏರುತ್ತದೆ. 1970ರ ಮಾರ್ಚ್‌ನಲ್ಲಿ ಹಳೆಯ ಕೇರಿ ರಿಯೋನೆ ತೆರ್ರಾದ ಸುಮಾರು 3,000 ಮಂದಿಯನ್ನು ತೆರವು ಮಾಡಿಸಲಾಯಿತು. 1982–84ರಲ್ಲಿ ನೆಲ ಸುಮಾರು 1.8 ಮೀಟರ್ ಮೇಲೆದ್ದು, ಸುಮಾರು 40,000 ಮಂದಿ ಮನೆ ಬಿಡಬೇಕಾಗಿ, ಅವರಿಗಾಗಿ ಮೊಂಟೆರುಶೆಲ್ಲೊ ಎಂಬ ಹೊಸ ಬಡಾವಣೆಯೇ ಹುಟ್ಟಿತು. ಎರಡು ಸಲವೂ ಸ್ಫೋಟವಾಗಲಿಲ್ಲ. ಇದನ್ನು ಸುಳ್ಳು ಎಚ್ಚರಿಕೆ ಎಂದು ತಳ್ಳಿಹಾಕುವುದು ಸರಿಯೆನಿಸುವುದಿಲ್ಲ, ಏಕೆಂದರೆ ಸ್ಫೋಟವಿಲ್ಲದೆಯೂ ಕಂಪನಗಳು ಕಟ್ಟಡಗಳನ್ನು ಬಿರುಕುಬಿಡಿಸಿದ್ದವು.

2005ರಿಂದ ನೆಲ ಮತ್ತೆ ಏರುತ್ತಿದೆ. 2012ರಲ್ಲಿ ಎಚ್ಚರಿಕೆಯ ಮಟ್ಟ ಹಸಿರಿನಿಂದ ಹಳದಿಗೆ ಬಂತು. 1841ರಲ್ಲಿ ಸ್ಥಾಪನೆಯಾದ ವೆಸುವಿಯಸ್ ವೀಕ್ಷಣಾಲಯವು ಈಗ ಜಿಪಿಎಸ್ ಕೇಂದ್ರಗಳು, ಭೂಕಂಪಮಾಪಕಗಳು, ಉಪಗ್ರಹದ ರಾಡಾರ್ ಚಿತ್ರಗಳು ಮತ್ತು ಸೊಲ್ಫತಾರ ಕುಳಿಯ ಅನಿಲ ಪರೀಕ್ಷೆಯ ನೆರವಿನಿಂದ ಇದನ್ನೆಲ್ಲ ಹಗಲಿರುಳು ಗಮನಿಸುತ್ತದೆ. ಏರಿಕೆಯ ಲೆಕ್ಕ ಮಿಲಿಮೀಟರಿನಷ್ಟು ನಿಖರವಾಗಿದ್ದರೂ, ನೆಲವನ್ನು ತಳ್ಳುತ್ತಿರುವುದು ಮೇಲೇರುತ್ತಿರುವ ಶಿಲಾರಸವೋ, ಅದರ ಬಿಸಿಗೆ ಕಾದ ನೀರು ಮತ್ತು ಅನಿಲಗಳೋ ಎಂಬಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಮೊದಲನೆಯದಾದರೆ ಸ್ಫೋಟದ ಸಿದ್ಧತೆ, ಎರಡನೆಯದಾದರೆ 1984ರಂತೆ ತಾನೇ ತಣಿಯಬಹುದಾದ ಒತ್ತಡ. ಎರಡೂ ಸೇರಿರುವ ಸಾಧ್ಯತೆಯನ್ನೂ ಅಲ್ಲಗಳೆಯಲಾಗದು.

ಸ್ಫೋಟವಾದರೆ ಅತಿ ಹೆಚ್ಚು ಅಪಾಯಕ್ಕೊಳಗಾಗುವ ಪ್ರದೇಶವಾದ ಕೆಂಪು ವಲಯದಲ್ಲಿ ಸುಮಾರು 5 ಲಕ್ಷ ಜನರಿದ್ದಾರೆ, ಅವರನ್ನು ತೆರವುಗೊಳಿಸಲು ಸರ್ಕಾರದ ಯೋಜನೆ 72 ಗಂಟೆಗಳನ್ನು ಇಟ್ಟುಕೊಂಡಿದೆ. ಆ ಗಡುವು ಸ್ಫೋಟಕ್ಕೆ ಮಾತ್ರ ಅನ್ವಯಿಸುತ್ತದೆ. 2025ರ ಮಾರ್ಚ್ 13ರ ನಡುರಾತ್ರಿ ದಾಟಿದ ಮೇಲೆ 4.6 ತೀವ್ರತೆಯ ಕಂಪನಕ್ಕೆ ಜನ ಬೀದಿಗೆ ಓಡಿಬಂದಾಗ ಎಚ್ಚರಿಕೆಯ ಬಣ್ಣ ಹಳದಿಯೇ ಆಗಿತ್ತು.