ಹಿಮಾಲಯ ದಾಟಿ ಕಡಲೆ ಹೊಲಕ್ಕೆ

ಜನವರಿಯ ಒಂದು ಭಾನುವಾರ ಬೆಳಗ್ಗೆ ಐದಕ್ಕೇ ಕೊಪ್ಪಳ ಬಿಟ್ಟು ತುಂಗಭದ್ರಾ ಹಿನ್ನೀರಿಗೆ ಹೋಗಿದ್ದೆವು. ಈ ಹೊತ್ತಿಗೆ ಡ್ಯಾಮಿನ ನೀರು ಕಾಲುವೆಗೆ ಹರಿದು ದಂಡೆ ಹಿಂದೆ ಸರಿದಿರುತ್ತದೆ, ಸರಿದ ಕಡೆಯೆಲ್ಲ ಹಸಿ ಕೆಸರು, ಎಳೆ ಹುಲ್ಲು. ಬಣ್ಣದ ಕೊಕ್ಕರೆಗಳೂ ಕಂಡವು. ಆದರೆ ನಾವು ಹೋಗಿದ್ದು ಪಟ್ಟೆತಲೆ ಹೆಬ್ಬಾತು ನೋಡಲಿಕ್ಕೆ.

ಬೆಳಕು ಹರಿಯುವಾಗ ಹೊಲಗಳ ಕಡೆಯಿಂದ ಗುಂಪು ಗುಂಪಾಗಿ ಬಂದು ನೀರಿಗಿಳಿದವು. ಬೂದು ಮೈ, ಬಿಳಿ ತಲೆ, ಹಿಂದೆ ಎರಡು ಕಪ್ಪು ಪಟ್ಟೆ. ಇವು ಜಾಸ್ತಿ ಮೇಯುವುದು ರಾತ್ರಿ.

"ನಮ್ಮ ಕಡ್ಲಿ ಹೊಲ ಮೇಯೋ ಬಾತು ಅವು, ಏನ್ ನೋಡ್ತೀರಿ ಸರ?" ಅಂದರು ದಂಡೆಯಲ್ಲಿದ್ದ ರೈತರೊಬ್ಬರು. ಅವರ ಸಂಕಟ ನಿಜವೇ. ಇವು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ ಅಣ್ಣಾ, ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ ಎಂದೆ. ಅವರು ಕೇಳಿದ್ದು ಒಂದೇ ಮಾತು: "ಅಷ್ಟ್ ಎತ್ತರದಾಗ ಉಸಿರು ಕಟ್ಟಂಗಿಲ್ಲೇನ್ರಿ ಅವಕ್ಕ?"

ಎಂಥ ಒಳ್ಳೆಯ ಪ್ರಶ್ನೆ, ಅಲ್ವಾ? 5,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕೊಪ್ಪಳದಲ್ಲಿ ಸಿಗುವುದರ ಹೆಚ್ಚು ಕಡಿಮೆ ಅರ್ಧ. ಎರಡು ಮೂರು ಕಿಲೋ ತೂಗುವ ಈ ಹಕ್ಕಿ ಅಲ್ಲಿ ರೆಕ್ಕೆ ಬಡಿಯುತ್ತಲೇ ಹಾರಬೇಕು. ಗುಟ್ಟು ಇರುವುದು ರಕ್ತದಲ್ಲಿ. ಇದರ ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನು, ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೆ ಬಹುಪಾಲು ಕಾರಣ ಆ ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದೇ ಒಂದು ಬದಲಾಗಿರುವುದು. ಹಾರುವ ಸ್ನಾಯುಗಳ ಒಳಗೆ ಸಣ್ಣ ರಕ್ತನಾಳಗಳೂ ದಟ್ಟವಾಗಿವೆ.

ಬೆನ್ನಿಗೆ ಯಂತ್ರ ಕಟ್ಟಿ ನೋಡಿದಾಗ 7,290 ಮೀಟರ್ ಮುಟ್ಟಿದ್ದು ದಾಖಲಾಗಿದೆ. ಆದರೆ ಸುಮ್ನೆ ಎತ್ತರದಲ್ಲೇ ಹೋಗುವುದಿಲ್ಲ. ಬೆಟ್ಟ ಏರಿದಂತೆ ಏರಿ, ಕಣಿವೆ ಬಂದರೆ ಇಳಿಯುತ್ತವೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮ ಅಷ್ಟು ದೊಡ್ಡದು, ಗಳಿಸಿದ ಎತ್ತರ ಬಿಟ್ಟುಕೊಟ್ಟು ಮತ್ತೆ ಏರುವುದೇ ಅವಕ್ಕೆ ಸುಲಭ. ದಾಟುವುದೂ ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ, ಗಾಳಿ ತಂಪಾಗಿ ಸ್ವಲ್ಪ ದಟ್ಟವಾಗಿರುವಾಗ.

ಅವರು ಬೈನಾಕ್ಯುಲರ್ ತಗೊಂಡು ಬಹಳ ಹೊತ್ತು ನೋಡಿದರು.

"ಮತ್ತ ಯಾವಾಗ ಹೊಕ್ಕಾವ ಸರ?"

"ಮಾರ್ಚ್ ಹೊತ್ತಿಗೆ ಹೊರಡುತ್ತವೆ."

"ಅಷ್ಟೊತ್ತಿಗೆ ಕಡ್ಲಿ ರಾಶಿ ಆಗಿರತೈತಿ ಬಿಡ್ರಿ" ಅಂದು, ಬೈನಾಕ್ಯುಲರ್ ಮತ್ತೆ ಕಣ್ಣಿಗೆ ಹಿಡಿದರು.