ಎರಡಿದ್ದರೆ ಸಾಕಾ? ರಿಲಯಬಿಲಿಟಿ ಪಾಠದಲ್ಲಿ ಗಂಟು ಬಿದ್ದ ಜಾಗ

ಕ್ವಾಲಿಟಿ, ರಿಲಯಬಿಲಿಟಿ, ಸೇಫ್ಟಿ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ, ಆದರೆ ಮೂರೂ ಬೇರೆ. ವಸ್ತು ಕಾರ್ಖಾನೆಯಿಂದ ಹೊರಬೀಳುವ ದಿನ ಹೇಳಿದ ಅಳತೆಗೆ ಸರಿಯಾಗಿದ್ದರೆ ಅದು ಕ್ವಾಲಿಟಿ. ಇಂತಿಷ್ಟು ಕಾಲ, ಇಂಥ ಪರಿಸ್ಥಿತಿಯಲ್ಲಿ ಕೆಡದೆ ಓಡುವ ಸಾಧ್ಯತೆ ಎಷ್ಟು ಅನ್ನೋದು ರಿಲಯಬಿಲಿಟಿ. ಅದು 0 ಮತ್ತು 1ರ ನಡುವಿನ ಒಂದು ಸಂಖ್ಯೆ. ಕೆಟ್ಟರೂ ಯಾರಿಗೂ ಏಟಾಗಬಾರದು ಅನ್ನೋದು ಸೇಫ್ಟಿ. ರೈಲ್ವೆಯ ಟ್ರ್ಯಾಕ್ ಸರ್ಕ್ಯೂಟ್ ನೋಡಿ, ಅಂದರೆ ಹಳಿಯಲ್ಲಿ ಕರೆಂಟ್ ಹರಿಸಿ ಅಲ್ಲಿ ರೈಲು ಇದೆಯಾ ಅಂತ ತಿಳಿಯುವ ಏರ್ಪಾಡು. ರಿಲೇಗೆ ಕರೆಂಟ್ ತಪ್ಪಿದರೆ ಸಿಗ್ನಲ್ ತಾನಾಗಿ ಕೆಂಪಿಗೆ ಬರುತ್ತದೆ. ರೈಲು ನಿಂತು ಪ್ರಯಾಣಿಕರು ಶಾಪ ಹಾಕುತ್ತಾರೆ. ಉಪಕರಣ ಕೆಟ್ಟಿದೆ, ಆದರೆ ಸೇಫ್ಟಿಗೆ ಧಕ್ಕೆಯಿಲ್ಲ. ಇಷ್ಟು ಸಾಕು, ಮುಂದೆ ಹೋಗೋಣ.

ಎಂಟಿಬಿಎಫ್ ಬಗ್ಗೆ ಒಂದೇ ಮಾತು

ಎರಡು ಕೆಡುವಿಕೆಗಳ ನಡುವಿನ ಸರಾಸರಿ ಕಾಲ ಅಂತ ಇದರ ಅರ್ಥ. ಡಿಸ್ಕ್ ಡ್ರೈವಿನ ಡಬ್ಬಿ ಮೇಲೆ 10 ಲಕ್ಷ ಗಂಟೆ ಅಂತ ಬರೆದಿದ್ದರೆ ಅದು ಸುಮಾರು 114 ವರ್ಷ. ಹಾಗಂತ ಆ ಡಿಸ್ಕ್ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ ಅಂತಲ್ಲ. ಅಂಥ ಸಾವಿರ ಡಿಸ್ಕ್ ವರ್ಷಪೂರ್ತಿ ಓಡಿದರೆ ಸುಮಾರು 9 ಕೆಡುತ್ತವೆ, ಅಷ್ಟೇ. ಅದೂ ಶುರುವಿನ ದೋಷಗಳು ಕಳೆದು, ಸವೆತ ಇನ್ನೂ ಶುರುವಾಗದ ನಡುಗಾಲಕ್ಕೆ ಮಾತ್ರ ಹೊಂದುವ ಲೆಕ್ಕ. ಕೆಡುವ ದರ ಒಂದೇ ಸಮ ಇದ್ದಾಗ ಎಂಟಿಬಿಎಫ್‌ನಷ್ಟು ಕಾಲ ಕಳೆಯುವ ಹೊತ್ತಿಗೆ ಉಳಿದಿರುವ ಸಾಧ್ಯತೆ 0.368. ಅರ್ಧಕ್ಕರ್ಧ ಕೂಡ ಇಲ್ಲ. ಪರೀಕ್ಷೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ.

ಸರಣಿ ಮತ್ತು ಸಮಾಂತರ

ಸರಣಿಯಲ್ಲಿ ಎಲ್ಲ ಭಾಗವೂ ಓಡಬೇಕು, ಹಾಗಾಗಿ ರಿಲಯಬಿಲಿಟಿಗಳನ್ನು ಗುಣಿಸಿ. ತಲಾ 0.99 ಇರುವ 100 ಭಾಗ ಸೇರಿದರೆ 0.366ಕ್ಕೆ ಇಳಿಯುತ್ತದೆ. ತಲಾ 0.999 ಇದ್ದರೆ 0.905. ದೊಡ್ಡ ಯಂತ್ರಗಳಲ್ಲಿ ಚಿಲ್ಲರೆ ಭಾಗಗಳ ಗುಣಮಟ್ಟಕ್ಕೂ ಅಷ್ಟು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಸಮಾಂತರದಲ್ಲಿ ಒಂದು ಓಡಿದರೂ ಸಾಕು. ಇಲ್ಲಿ ಕೆಡುವ ಸಾಧ್ಯತೆಗಳನ್ನು ಗುಣಿಸಬೇಕು. ಒಂದು ಪಂಪ್ ಬೇಕಾದಾಗ ಕೈಕೊಡುವ ಸಾಧ್ಯತೆ 0.01 ಅನ್ನಿ. ಎರಡಿದ್ದರೆ 0.0001. ಮೂರಿದ್ದರೆ 0.000001. ಒಂದೊಂದು ಪಂಪ್ ಸೇರಿಸಿದಾಗಲೂ ನೂರು ಪಟ್ಟು ಲಾಭ! ಇಷ್ಟು ಸಲೀಸಾಗಿ ಸಿಗುವ ಲಾಭ ನೋಡಿದರೆ ಅನುಮಾನ ಬರಬೇಕು, ಅಲ್ವಾ?

ಗಂಟು ಇರುವುದು ಇಲ್ಲೇ. ಪುಸ್ತಕದಲ್ಲಿ ಗುಣಿಸುವ ಮೊದಲು ಒಂದು ಪದ ಸುಮ್ನೆ ಹಾದುಹೋಗುತ್ತದೆ: 'ಸ್ವತಂತ್ರ'. ಒಂದು ಕೆಟ್ಟಿದೆ ಅಂತ ಗೊತ್ತಾದ ಮೇಲೂ ಇನ್ನೊಂದು ಕೆಡುವ ಸಾಧ್ಯತೆ ಒಂಚೂರೂ ಬದಲಾಗಬಾರದು. ಆಗ ಮಾತ್ರ 0.01 ಗುಣಿಸು 0.01 ಸರಿ. ಅಪಾರ್ಟ್‌ಮೆಂಟಿನ ಓವರ್‌ಹೆಡ್ ಟ್ಯಾಂಕಿಗೆ ಎರಡು ಮೋಟಾರ್ ಇವೆ ಅನ್ನಿ. ಎರಡೂ ಒಂದೇ ಸಂಪಿನಿಂದ ನೀರೆತ್ತುತ್ತವೆ. ಸಂಪು ಬತ್ತಿದ ದಿನ ಮೊದಲನೆಯದು ನೀರೆತ್ತಲಿಲ್ಲ ಅಂದರೆ ಎರಡನೆಯದು ಕೈಕೊಡುವ ಸಾಧ್ಯತೆ 0.01 ಅಲ್ಲ, 1. ಗುಣಾಕಾರ ತಪ್ಪಿಲ್ಲ. ಗುಣಿಸಿದ ಸಂಖ್ಯೆ ತಪ್ಪು.

ಒಂದೇ ಕಾರಣಕ್ಕೆ ಎಲ್ಲವೂ ಒಟ್ಟಿಗೆ ಕೆಡುವ ಇದನ್ನು ಕಾಮನ್ ಕಾಸ್ ಫೇಲ್ಯೂರ್ ಅನ್ನುತ್ತಾರೆ. ನನಗೆ ಇದು ಪೂರ್ತಿ ಮನಸ್ಸಿಗೆ ಇಳಿದದ್ದು ನರೋರಾ ಪ್ರಕರಣ ಓದಿದಾಗ.

ನರೋರಾ, 31 ಮಾರ್ಚ್ 1993

ಉತ್ತರ ಪ್ರದೇಶದ ನರೋರಾ ಅಣು ವಿದ್ಯುತ್ ಕೇಂದ್ರದ ಒಂದನೇ ಘಟಕ, 220 ಮೆಗಾವಾಟ್. ನಸುಕಿನ ಮೂರೂವರೆ ಹೊತ್ತು. ಟರ್ಬೈನಿನ ಕಡಿಮೆ ಒತ್ತಡದ ಭಾಗದ ಕೊನೆಯ ಸಾಲಿನಲ್ಲಿ ಎರಡು ಬ್ಲೇಡ್ ಮುರಿದವು. ಲೋಹ ದಣಿದು ಬಂದ ಬಿರುಕು ಕಾರಣ. ಅಷ್ಟು ವೇಗದಲ್ಲಿ ತಿರುಗುವ ಯಂತ್ರ ತೂಕ ತಪ್ಪಿ ಭಯಂಕರವಾಗಿ ನಡುಗಿತು. ಜನರೇಟರ್ ತಣ್ಣಗಿಡುವ ಹೈಡ್ರೋಜನ್ ಸೋರಿತು, ಬೇರಿಂಗಿನ ಎಣ್ಣೆ ಚೆಲ್ಲಿತು, ಬೆಂಕಿ ಹತ್ತಿತು.

ಇಲ್ಲಿಯವರೆಗೆ ಇದು ಟರ್ಬೈನ್ ಕೆಟ್ಟ ಕಥೆ. ಆಪರೇಟರ್‌ಗಳು ಕೂಡಲೇ ರಿಯಾಕ್ಟರ್ ನಿಲ್ಲಿಸಿದರು. ಆದರೆ ನಿಲ್ಲಿಸಿದ ಮೇಲೂ ಇಂಧನ ಬಿಸಿ ಉಗುಳುತ್ತಲೇ ಇರುತ್ತದೆ, ಅದನ್ನು ತಣಿಸಲು ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು. ಕರೆಂಟಿಗೆ ಒಂದರ ಹಿಂದೆ ಒಂದು ಏರ್ಪಾಡು ಇತ್ತು: ಗ್ರಿಡ್, ಡೀಸೆಲ್ ಜನರೇಟರ್, ಬ್ಯಾಟರಿ. ಬ್ಲಾಕ್ ಡಯಾಗ್ರಾಂನಲ್ಲಿ ಬರೆದರೆ ಚೆಂದವಾದ ಸಮಾಂತರ ಚಿತ್ರ. ಆದರೆ ಅವುಗಳ ಕೇಬಲ್‌ಗಳು ಅಕ್ಕಪಕ್ಕದಲ್ಲೇ ಹಾದುಹೋಗಿದ್ದವು, ನಡುವೆ ಬೆಂಕಿ ತಡೆಯುವ ಗೋಡೆ ಸರಿಯಾಗಿ ಇರಲಿಲ್ಲ. ಬೆಂಕಿ ಕೇಬಲ್ ಹಿಡಿದು ಓಡಿತು. ಕೆಲವೇ ನಿಮಿಷಗಳಲ್ಲಿ ಇಡೀ ಘಟಕ ಕತ್ತಲು. ಹೊಗೆ ತುಂಬಿ ಕಂಟ್ರೋಲ್ ರೂಮ್ ಬಿಟ್ಟು ಹೊರಬರಬೇಕಾಯಿತು. ಅಂಥ ಸಮಯಕ್ಕೆಂದೇ ಇದ್ದ ತುರ್ತು ಕಂಟ್ರೋಲ್ ರೂಮಿನಲ್ಲೂ ಕರೆಂಟ್ ಇಲ್ಲ. ಆ ಸ್ಥಿತಿ ಸುಮಾರು 17 ಗಂಟೆ ಮುಂದುವರಿಯಿತು.

ಹಾಗಾದರೆ ಕಾಪಾಡಿದ್ದು ಯಾವುದು? ಇದೇ ನನಗೆ ತುಂಬಾ ಇಷ್ಟವಾದ ಭಾಗ. ಬೆಂಕಿ ಆರಿಸಲೆಂದು ಇಟ್ಟಿದ್ದ ಪಂಪ್‌ಗಳು ತಮ್ಮದೇ ಡೀಸೆಲ್ ಎಂಜಿನ್ನಿನಿಂದ ಓಡುತ್ತಿದ್ದವು, ಕರೆಂಟಿನ ಹಂಗಿರಲಿಲ್ಲ. ಅವುಗಳ ನೀರನ್ನೇ ಸ್ಟೀಮ್ ಜನರೇಟರಿಗೆ, ಅಂದರೆ ರಿಯಾಕ್ಟರಿನ ಬಿಸಿಯಿಂದ ಹಬೆ ಮಾಡುವ ಪಾತ್ರೆಗೆ, ಬಿಟ್ಟರು. ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸಹಜ ಹರಿವಿನಿಂದಲೇ ಇಂಧನದ ಬಿಸಿ ಅಲ್ಲಿಗೆ ಬಂದು ಸೇರಿತು. ಇನ್ನೊಂದು ಕಡೆ ಸಿಬ್ಬಂದಿ ಕೈಯಲ್ಲಿ ಟಾರ್ಚ್ ಹಿಡಿದು ರಿಯಾಕ್ಟರ್ ಕಟ್ಟಡದ ಮೇಲಕ್ಕೆ ಹತ್ತಿ, ಅಣು ಕ್ರಿಯೆ ಮತ್ತೆ ಶುರುವಾಗದಂತೆ ತಡೆಯುವ ಬೋರಾನ್ ದ್ರಾವಣದ ವಾಲ್ವ್‌ಗಳನ್ನು ಕೈಯಿಂದಲೇ ತೆರೆದರು. ದ್ರಾವಣ ಗುರುತ್ವದಿಂದ ತಾನೇ ಕೆಳಗಿಳಿಯಿತು. ಉಳಿಸಿದವೆಲ್ಲ ಸುಟ್ಟ ಕೇಬಲ್ಲಿಗೆ ಸಂಬಂಧವೇ ಇಲ್ಲದ ಏರ್ಪಾಡುಗಳು. 'ಸ್ವತಂತ್ರ' ಅಂದರೆ ಇದು. ಹೊರಗೆ ವಿಕಿರಣ ಸೋರಲಿಲ್ಲ. ಅಣು ಘಟನೆಗಳ ತೀವ್ರತೆ ಹೇಳುವ 7 ಮಟ್ಟಗಳ ಅಂತರರಾಷ್ಟ್ರೀಯ ಅಳತೆಯಲ್ಲಿ ಘಟನೆಗೆ 3ನೇ ಮಟ್ಟ ಕೊಟ್ಟರು. ಆಮೇಲೆ ಬ್ಲೇಡಿನ ವಿನ್ಯಾಸ ಬದಲಾಯಿತು, ಕೇಬಲ್‌ಗಳನ್ನು ಬೇರ್ಪಡಿಸಿ ಬೆಂಕಿ ತಡೆಗಳನ್ನು ಹಾಕಿದರು. ನಮ್ಮ ಕೈಗಾದಲ್ಲಿ ಆಗ ಇದೇ 220 ಮೆಗಾವಾಟ್ ಬಗೆಯ ಘಟಕಗಳನ್ನು ಕಟ್ಟುತ್ತಿದ್ದರು.

ಲೆಕ್ಕಕ್ಕೆ ತರುವುದು ಹೇಗೆ?

ಬೀಟಾ ಫ್ಯಾಕ್ಟರ್ ಅನ್ನುವ ಸುಲಭದ ಉಪಾಯ ಇದೆ. ಒಂದು ಪಂಪ್ ಕೆಡುವ ಸಾಧ್ಯತೆಯಲ್ಲಿ ಒಂದು ಪಾಲನ್ನು 'ಎಲ್ಲವನ್ನೂ ಒಟ್ಟಿಗೆ ಕೆಡಿಸುವ ಕಾರಣ'ಕ್ಕೆ ಎತ್ತಿಡಿ. ಆ ಪಾಲೇ ಬೀಟಾ. ಲೆಕ್ಕಕ್ಕೆ 0.1 ಅಂತ ಇಟ್ಟುಕೊಳ್ಳೋಣ. 0.01ರಲ್ಲಿ ಹತ್ತನೇ ಒಂದು ಪಾಲು, ಅಂದರೆ 0.001 ಒಟ್ಟಿಗೆ ಕೆಡುವುದು. ಉಳಿದ 0.009 ಬಿಡಿಬಿಡಿಯಾಗಿ ಕೆಡುವುದು. ಗುಣಿಸುವುದು ಉಳಿದದ್ದನ್ನು ಮಾತ್ರ: 0.009 ಗುಣಿಸು 0.009, ಅಂದರೆ 0.000081. ಅದಕ್ಕೆ 0.001 ಕೂಡಿಸಿ. ಸುಮಾರು 0.00108. ಮೊದಲು ಬಂದಿದ್ದ 0.0001ಕ್ಕೆ ಹೋಲಿಸಿದರೆ ಹತ್ತು ಪಟ್ಟಿಗಿಂತ ಜಾಸ್ತಿ ಕೆಟ್ಟದು.

ಈಗ ಮೂರನೇ ಪಂಪ್ ಸೇರಿಸಿ ನೋಡಿ. ಬಿಡಿಬಿಡಿ ಪಾಲು 0.0000007ಕ್ಕೆ ಕುಸಿಯುತ್ತದೆ. ಆದರೆ ಆ 0.001 ಅಲ್ಲೇ ಕೂತಿರುತ್ತದೆ. ನಾಲ್ಕನೆಯದು ತಂದರೂ ಅಷ್ಟೇ. ನನ್ನ ಅಡ್ಡದಾರಿ ಇದು: ಸಮಾಂತರದ ಪ್ರಶ್ನೆ ಬಂದ ಕೂಡಲೇ ಬೀಟಾ ಗುಣಿಸು ಒಂದು ಭಾಗದ ಸಾಧ್ಯತೆ ಎಷ್ಟು ಅಂತ ಪುಟದ ಅಂಚಿನಲ್ಲಿ ಬರೆದುಕೊಳ್ಳಿ. ಉತ್ತರ ಅದಕ್ಕಿಂತ ಕಡಿಮೆ ಬಂದರೆ ಎಲ್ಲೋ ತಪ್ಪಿದ್ದೀರಿ. ದುಡ್ಡು ಸುರಿಯಬೇಕಾದ್ದು ಇನ್ನೊಂದು ಪಂಪಿಗಲ್ಲ, ಬೀಟಾ ಇಳಿಸುವುದಕ್ಕೆ: ಬೇರೆ ಕೋಣೆ, ಬೇರೆ ಕೇಬಲ್ ದಾರಿ, ಬೇರೆ ತಯಾರಕರು, ಬೇರೆ ತತ್ವದ ಉಪಕರಣ.

ಸಾಫ್ಟ್‌ವೇರಿನಲ್ಲಿ ಬೀಟಾ ಬಹುಮಟ್ಟಿಗೆ 1

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂನಿಂದ ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಏರಿತು. ದಿಕ್ಕು ಹೇಳುವ ಘಟಕಗಳು ಎರಡು. ಯಂತ್ರಾಂಶವೂ ಒಂದೇ, ಸಾಫ್ಟ್‌ವೇರೂ ಒಂದೇ. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುವಾಗ, 32,767ಕ್ಕಿಂತ ದೊಡ್ಡದು ಅದರಲ್ಲಿ ಹಿಡಿಸಲಿಲ್ಲ. ಈ ಸಾಫ್ಟ್‌ವೇರ್ ಮೊದಲು ಓಡಿದ್ದ ಹಳೆಯ ಏರಿಯಾನ್ 4ರಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಲೇ ಇರಲಿಲ್ಲ. ಹೊಸ ರಾಕೆಟ್ಟಿನ ಹಾದಿಯೇ ಬೇರೆ. ಹಾರಾಟದ ಸುಮಾರು 37ನೇ ಸೆಕೆಂಡಿಗೆ ಘಟಕ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಕಂಪ್ಯೂಟರ್ ಬದಲಿ ಘಟಕಕ್ಕೆ ತಿರುಗೋಣ ಅಂದರೆ ಅದು 72 ಮಿಲಿಸೆಕೆಂಡಿನ ಹಿಂದಿನ ಸುತ್ತಿನಲ್ಲೇ, ಅದೇ ಕಾರಣಕ್ಕೆ ಸತ್ತಿತ್ತು. ಇನ್ನೂ ಸಂಕಟದ ವಿಷಯ, ಆ ಲೆಕ್ಕ ಮಾಡುತ್ತಿದ್ದ ಭಾಗಕ್ಕೆ ರಾಕೆಟ್ ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ. ದಾರಿ ತಪ್ಪಿದ ರಾಕೆಟ್ ಸಿಡಿದು ನಾಶವಾಯಿತು, ಜೊತೆಗೆ ಅದರಲ್ಲಿದ್ದ ಕ್ಲಸ್ಟರ್ ಅನ್ನುವ ನಾಲ್ಕು ವಿಜ್ಞಾನ ಉಪಗ್ರಹಗಳೂ ಹೋದವು.

ಪಂಪಿನಂತೆ ಕೋಡು ಸವೆಯುವುದಿಲ್ಲ. ಒಂದೇ ಇನ್‌ಪುಟ್ ಕೊಟ್ಟರೆ ಎರಡು ಪ್ರತಿಗಳೂ ಒಂದೇ ತಪ್ಪು ಮಾಡುತ್ತವೆ. ಹಾಗಾಗಿ ಅದೇ ಕೋಡಿನ ಎರಡನೇ ಪ್ರತಿಯನ್ನು ಬ್ಯಾಕಪ್ ಅಂತ ಎಣಿಸಬೇಡಿ.

ಮೂರರಲ್ಲಿ ಎರಡು

ಕೊನೆಗೆ ಒಂದು ಸಣ್ಣ ಲೆಕ್ಕ. ರಿಯಾಕ್ಟರ್ ನಿಲ್ಲಿಸುವ ಸೆನ್ಸರ್‌ಗಳಲ್ಲಿ ಮೂರು ಇಟ್ಟು ಎರಡು ಹೇಳಿದರೆ ನಿಲ್ಲಿಸುವ ಪದ್ಧತಿ ಇದೆ. ಎರಡೇ ಇಟ್ಟು ಯಾವುದಾದರೂ ಒಂದು ಹೇಳಿದರೆ ನಿಲ್ಲಿಸಬಾರದಾ? ಒಂದು ಸೆನ್ಸರ್ ಬೇಕಾದಾಗ ಕೈಕೊಡುವ ಸಾಧ್ಯತೆ 0.01 ಅನ್ನಿ. ಬೀಟಾ ಬಿಟ್ಟು ಲೆಕ್ಕ ಹಾಕಿದರೆ, ನಿಲ್ಲಬೇಕಾದಾಗ ನಿಲ್ಲದಿರುವ ಸಾಧ್ಯತೆ ಎರಡರ ಪದ್ಧತಿಯಲ್ಲಿ 0.0001, ಮೂರರ ಪದ್ಧತಿಯಲ್ಲಿ 0.0003. ಮೂರರದೇ ಕೆಟ್ಟದಾಗಿ ಕಾಣುತ್ತದೆ. ಆದರೆ ಸೆನ್ಸರ್ ಸುಳ್ಳೇ ಕೂಗುವ ಸಾಧ್ಯತೆಯೂ 0.01 ಇದ್ದರೆ, ಕಾರಣವಿಲ್ಲದೆ ನಿಲ್ಲುವುದು ಎರಡರಲ್ಲಿ 0.02, ಮೂರರಲ್ಲಿ 0.0003. ಈಗ ಬೀಟಾ 0.1 ಸೇರಿಸಿ ಮೊದಲನೆಯದನ್ನು ಮತ್ತೆ ಲೆಕ್ಕ ಹಾಕಿ: 0.00108 ಮತ್ತು 0.00124. ಮೂರು ಪಟ್ಟಿನ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಸುಳ್ಳು ಕೂಗಿಗೂ ಅದೇ ಬೀಟಾ ಹಾಕಿದರೂ ಎರಡರದು 0.02ರ ಹತ್ತಿರವೇ ಉಳಿಯುತ್ತದೆ, ಮೂರರದು 0.00124 ಆಗುತ್ತದೆ.