ಮಗನ ವರದಿಯಲ್ಲಿ ‘ಬಾಯ್‌ಸ್ಟರಸ್’ ಎಂದಿದೆ, ಇದು ದೂರೇ?

ಪ್ರಶ್ನೆ: ನಾವು ಇಂಗ್ಲೆಂಡಿಗೆ ಬಂದು ಎರಡು ವರ್ಷವಾಯಿತು. ಆರು ವರ್ಷದ ಮಗನ ಶಾಲೆಯ ವರದಿಯಲ್ಲಿ ಅವನು ‘ಬಾಯ್‌ಸ್ಟರಸ್’ ಎಂದು ಬರೆದಿದ್ದಾರೆ. ನಿಘಂಟು ತೆರೆದರೆ ‘ಒರಟಾದ, ಪ್ರಚಂಡ, ಬಿರುಗಾಳಿಯಂಥ, ಗದ್ದಲದ’ ಎಂದೆಲ್ಲ ಇದೆ. ಇದು ದೂರೇ? ಊರಿನಿಂದ ಅತ್ತೆಯವರು ಫೋನ್ ಮಾಡಿ ‘ಟೀಚರು ಏನು ಬರೆದಿದ್ದಾರೆ’ ಎಂದು ಕೇಳುತ್ತಿದ್ದಾರೆ. ಕನ್ನಡದಲ್ಲಿ ಏನೆಂದು ಹೇಳಲಿ?

ಉತ್ತರ: ದೂರಲ್ಲ, ಗಾಬರಿ ಬೇಡ. ಇಂದಿನ ಇಂಗ್ಲಿಷಿನಲ್ಲಿ ಮಕ್ಕಳ ಬಗ್ಗೆ ಈ ಮಾತು ಬಂದರೆ ಸದ್ದು ಹೆಚ್ಚು, ಹುರುಪೂ ಹೆಚ್ಚು ಎಂದರ್ಥ. ಕೆಟ್ಟ ಬುದ್ಧಿ, ಹೊಡೆದಾಟದ ಸ್ವಭಾವ ಎಂಬ ಸೂಚನೆ ಅದರಲ್ಲಿಲ್ಲ. ಹಾಗೆಂದು ನಿಘಂಟು ಸುಳ್ಳು ಹೇಳಿದೆ ಎಂದಲ್ಲ. ಏಳುನೂರು ವರ್ಷಗಳಿಂದ ಈ ಪದ ಹೊತ್ತು ತಂದ ಅರ್ಥಗಳನ್ನೆಲ್ಲ ಅದು ಒಂದೇ ಸಾಲಿನಲ್ಲಿ ಇಟ್ಟಿದೆ. ಯಾವುದು ಮುತ್ತಜ್ಜನ ಕಾಲದ್ದು, ಯಾವುದು ಈಗಿನದು ಎಂದು ಬಿಡಿಸಿ ಹೇಳಿಲ್ಲ, ಅಷ್ಟೆ. ನಿಮ್ಮನ್ನು ಹೆದರಿಸಿದ್ದು ಆ ಹಳೆಯ ಅರ್ಥಗಳು.

ಗಂಡುಮಕ್ಕಳ ಗಲಾಟೆಯಿಂದಲೇ, ಅಂದರೆ ‘ಬಾಯ್’ ಎಂಬ ಪದದಿಂದಲೇ ಇದು ಹುಟ್ಟಿತೆಂದು ಕೆಲವರು ನಂಬಿದ್ದಾರೆ. ಅದು ಬರಿಯ ಸದ್ದಿನ ಹೋಲಿಕೆ. ಹೆಣ್ಣುಮಗುವಿಗೂ ಈ ಪದ ಅಷ್ಟೇ ಸಲ್ಲುತ್ತದೆ. ಪದದ ಹಳೆಯ ರೂಪ ‘ಬಾಯ್‌ಸ್ಟಸ್’. 1300ರ ಆಸುಪಾಸಿನಿಂದ ಅದು ಇಂಗ್ಲಿಷಿನಲ್ಲಿ ಕಾಣಿಸುತ್ತದೆ. ಅದಕ್ಕೂ ಹಿಂದಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಳ್ಳದಿಣ್ಣೆಗಳ ರಸ್ತೆಯನ್ನು ಬಣ್ಣಿಸುವ ಫ್ರೆಂಚ್ ಪದವೊಂದರತ್ತ ಹಲವರು ಕೈ ತೋರಿಸುತ್ತಾರೆ.

ಆ ಕಾಲದಲ್ಲಿ ಈ ಪದದ ಮುಖ್ಯ ಅರ್ಥ ಸದ್ದಲ್ಲ, ಒರಟುತನ. ನಮ್ಮ ‘ಒರಟು’ ಇದೆಯಲ್ಲ, ಬಟ್ಟೆಗೂ ಸಲ್ಲುತ್ತದೆ, ಮಾತಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಇದೂ ಹಾಗೆಯೇ ಇತ್ತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಚಾಸರ್ ಬರೆದ ಕ್ಯಾಂಟರ್ಬರಿ ಕಥೆಗಳಲ್ಲಿ ಒಬ್ಬ ಉಗ್ರಾಣಿಕ ಬರುತ್ತಾನೆ. ವಕೀಲರ ವಸತಿಗೆ ದಿನಸಿ ಕೊಂಡು ತರುವುದು ಅವನ ಕೆಲಸ. ದೊಡ್ಡ ಮನೆತನದ ಹೆಂಗಸು ದಾರಿ ತಪ್ಪಿದರೂ ಬಡವಿ ದಾರಿ ತಪ್ಪಿದರೂ ತಪ್ಪು ಒಂದೇ, ಒಬ್ಬಳಿಗೆ ಗೌರವದ ಹೆಸರು, ಇನ್ನೊಬ್ಬಳಿಗೆ ಹೀನ ಹೆಸರು, ವ್ಯತ್ಯಾಸ ಅಷ್ಟೇ ಎಂದು ಅವನು ವಾದಿಸುತ್ತಾನೆ. ಆ ಮಾತಿನ ನಡುವೆ, ನಾನು ‘ಬಾಯ್‌ಸ್ಟಸ್’ ಮನುಷ್ಯ, ಇದ್ದದ್ದನ್ನು ಹೀಗೇ ಹೇಳುವವನು ಎನ್ನುತ್ತಾನೆ. ಅವನು ಅಲ್ಲಿ ಕಿರುಚುತ್ತಿಲ್ಲ. ಓದು ಬರಹದ ನಯ ನಾಜೂಕು ನನಗೆ ಗೊತ್ತಿಲ್ಲ ಎನ್ನುತ್ತಿದ್ದಾನೆ. ಈ ಪದ ಬಂದ ಕಡೆಗಳಲ್ಲೆಲ್ಲ ನನಗೆ ತೀರ ಇಷ್ಟವಾದದ್ದು ಇದೇ, ಏಕೆಂದರೆ ಒರಟು ಎನಿಸಿಕೊಂಡ ಆ ಮನುಷ್ಯನೇ ಕಥೆಯಲ್ಲಿ ಪದಗಳ ಮೋಸವನ್ನು ಬಯಲು ಮಾಡುವವನು.

ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಈಗಿನ ರೂಪ ಬಂತು. ಮುಂದಿನ ನೂರು ವರ್ಷಗಳಲ್ಲಿ ಪದ ಗಾಳಿಗೂ ಅಲೆಗೂ ಹತ್ತಿಕೊಂಡಿತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಮತ್ತಾಯನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯವನ್ನು ನೋಡಿ. ಯೇಸುವಿನ ಕಡೆಗೆ ನೀರಿನ ಮೇಲೆ ಹೆಜ್ಜೆ ಹಾಕುತ್ತಿದ್ದ ಪೇತ್ರ, ಗಾಳಿ ‘ಬಾಯ್‌ಸ್ಟರಸ್’ ಆಗಿರುವುದನ್ನು ಕಂಡು ಹೆದರಿ ಮುಳುಗತೊಡಗುತ್ತಾನೆ. ಗ್ರೀಕಿನಲ್ಲಿ ಅಲ್ಲಿರುವ ಪದಕ್ಕೆ ‘ಬಲವಾದ’ ಎಂದಷ್ಟೇ ಅರ್ಥ. ಇಂಗ್ಲಿಷಿಗೆ ತಂದವರು ಅದಕ್ಕೆ ಮೊರೆತವನ್ನೂ ಸೇರಿಸಿಬಿಟ್ಟರು. ತಲೆಮಾರುಗಳ ಕಾಲ ಚರ್ಚಿನಲ್ಲಿ ಆ ಸಾಲು ಕೇಳಿದವರ ಕಿವಿಯಲ್ಲಿ ಈ ಪದ ಬಿರುಗಾಳಿಯೊಂದಿಗೇ ಕುಳಿತುಬಿಟ್ಟಿತು.

ಶೇಕ್ಸ್‌ಪಿಯರನ ಕೈಯಲ್ಲಂತೂ ಹಳೆಯ ಒರಟುತನ ಮತ್ತು ಹೊಸ ಸದ್ದು ಎರಡೂ ಒಟ್ಟಿಗಿವೆ. ರೋಮಿಯೋಗೆ ಪ್ರೀತಿ ಮೃದುವಾದದ್ದೆಂದು ಯಾರೋ ಹೇಳಿದರೆ ಒಪ್ಪಿಗೆಯಾಗುವುದಿಲ್ಲ. ಅದು ಒರಟು, ‘ಬಾಯ್‌ಸ್ಟರಸ್’, ಮುಳ್ಳಿನಂತೆ ಚುಚ್ಚುತ್ತದೆ ಎನ್ನುತ್ತಾನೆ. ಕಿಂಗ್ ಜಾನ್ ನಾಟಕದಲ್ಲಿ ಕಾದ ಕಬ್ಬಿಣದಿಂದ ಕಣ್ಣು ಸುಡಲು ಬಂದವರೆದುರು ಎಳೆಯ ರಾಜಕುಮಾರ ಆರ್ಥರ್, ಇಷ್ಟೊಂದು ‘ಬಾಯ್‌ಸ್ಟರಸ್’ ಆಗುವುದೇಕೆ, ನಾನು ಕೊಸರಾಡುವುದಿಲ್ಲ, ಕಲ್ಲಿನಂತೆ ನಿಲ್ಲುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ಆ ಸಾಲನ್ನು ಓದುವಾಗ ಇಂದಿಗೂ ಕರುಳು ಚುರುಕ್ ಎನ್ನುತ್ತದೆ. ಇನ್ನು ಎರಡನೆಯ ರಿಚರ್ಡ್ ನಾಟಕದಲ್ಲಿ ಶ್ರುತಿ ಸೇರದ ರಣಭೇರಿಗಳಿಗೆ ಇದೇ ವಿಶೇಷಣ. ಅಲ್ಲಿ ಮಾತ್ರ ನಮಗೆ ಪರಿಚಯದ ಅರ್ಥ, ಕಿವಿಗಪ್ಪಳಿಸುವ ಸದ್ದು.

ಕಡಲಿನ ನಂಟು ಮುಂದೆಯೂ ಬಿಡಲಿಲ್ಲ. 1796ರಲ್ಲಿ ಅಮೆರಿಕದ ಥಾಮಸ್ ಜೆಫರ್ಸನ್ ತನ್ನ ಇಟಲಿಯ ಗೆಳೆಯ ಮಾಜೆಯಿಗೆ ಬರೆದ ಪತ್ರದಲ್ಲಿ, ಸ್ವಾತಂತ್ರ್ಯದ ‘ಬಾಯ್‌ಸ್ಟರಸ್’ ಕಡಲಿಗಿಂತ ನಿರಂಕುಶ ಆಡಳಿತದ ನಿಶ್ಚಲತೆಯೇ ವಾಸಿ ಎನ್ನುವ ಅಂಜುಬುರುಕರನ್ನು ನೆನೆದಿದ್ದಾನೆ. ಇಲ್ಲಿ ಗದ್ದಲ ಜೀವಂತಿಕೆಯ ಗುರುತಾಗಿದೆ. ಜನರಿಗೆ, ಅದರಲ್ಲೂ ಮಕ್ಕಳಿಗೆ ಬಳಸುವಾಗ ಪದದ ಒರಟು ಸವೆದು ಹುರುಪು ಉಳಿದದ್ದೂ ಇದೇ ದಾರಿಯಲ್ಲಿ.

ನಿಮ್ಮ ಗಾಬರಿಗೆ ಇನ್ನೂ ಒಂದು ಕಾರಣವಿರಬಹುದು. ಇಂಗ್ಲಿಷಿನ ‘ರೌಡಿ’ಯೂ ಇದೇ ಬಳಗದ್ದು. ಅಲ್ಲಿ ಗಲಾಟೆ ಮಾಡುವ ತರಗತಿಗೂ ಅದನ್ನು ಹೇಳುತ್ತಾರೆ. ನಮ್ಮಲ್ಲಿ ಆ ಪದ ಪೊಲೀಸ್ ಠಾಣೆಯ ಹಾಳೆ ಸೇರಿದೆ. ರೌಡಿ ಎಂದರೆ ಗೂಂಡಾ. ಪದ ಊರು ಬಿಟ್ಟು ಊರಿಗೆ ಬಂದಾಗ ಅದರ ತೂಕ ಹೇಗೆ ಬದಲಾಗುತ್ತದೆ ನೋಡಿ. ‘ಬಾಯ್‌ಸ್ಟರಸ್’ ಅದಕ್ಕಿಂತ ಎಷ್ಟೋ ಹಗುರವಾದ ಮಾತು.

ಈಗ ಕನ್ನಡ. ಗಾಳಿ, ಮಳೆ, ಕಡಲಿನ ಮಟ್ಟಿಗೆ ನಮ್ಮಲ್ಲಿ ಸರಿಸಾಟಿಯಾದ ಪದವಿದೆ: ಅಬ್ಬರ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲಿ ಪತ್ರಿಕೆ ತೆರೆದರೆ ಕಡಲಿನ ಅಬ್ಬರ, ಮಳೆಯ ಅಬ್ಬರ ಕಂಡೇ ಕಾಣುತ್ತದೆ. ಆದರೆ ಮನುಷ್ಯರಿಗೆ ಬಂದಾಗ ಅಬ್ಬರದಲ್ಲಿ ತುಸು ಅಸಮ್ಮತಿ ಇರುತ್ತದೆ. ‘ಅಬ್ಬರದ ಪ್ರಚಾರ’ ಎಂದವರು ಮೆಚ್ಚಿ ಹೇಳಿರುವುದಿಲ್ಲ. ‘ಆರ್ಭಟ’ ಯಕ್ಷಗಾನದ ಬಣ್ಣದ ವೇಷಕ್ಕೆ ಒಪ್ಪುತ್ತದೆ, ಆರು ವರ್ಷದ ಮಗುವಿಗಲ್ಲ. ‘ದಾಂಧಲೆ’ ಎಂದರೆ ಏನೋ ಒಡೆದಿರಬೇಕು. ‘ತುಂಟ’ ಮುದ್ದಾಗಿದೆ, ಆದರೆ ತುಂಟನಾದವನು ಕಳ್ಳಹೆಜ್ಜೆ ಹಾಕಿ ಸದ್ದಿಲ್ಲದೆಯೂ ಕೀಟಲೆ ಮಾಡಬಲ್ಲ. ನಿಮ್ಮ ಮಗನ ಟೀಚರು ಕಂಡದ್ದು ಕೀಟಲೆಯನ್ನಲ್ಲ. ಆಟದ ಗಂಟೆ ಬಾರಿಸಿದೊಡನೆ ಬಾಗಿಲ ಕಡೆಗೆ ಧಡಧಡನೆ ಓಡುವ, ಉತ್ತರ ಗೊತ್ತಿದ್ದರೆ ಕೈ ಎತ್ತುವ ಮೊದಲೇ ಕೂಗುವ ಹುಡುಗನನ್ನು ಇಂಗ್ಲಿಷಿನವರು ಈ ಪದದಿಂದ ಕರೆಯುತ್ತಾರೆ.

ಪದದ ಅಕ್ಕಪಕ್ಕ ಏನಿದೆ ಎಂದು ಮಾತ್ರ ಒಮ್ಮೆ ನೋಡಿಕೊಳ್ಳಿ. ‘ಕೆಲವೊಮ್ಮೆ’ ಎಂದಿದ್ದರೆ, ಪಾಠದ ಹೊತ್ತಿನಲ್ಲಿ ಸ್ವಲ್ಪ ತಗ್ಗಿದರೆ ಒಳ್ಳೆಯದು ಎಂಬ ನಯವಾದ ಸೂಚನೆ ಅದರಲ್ಲಿರಬಹುದು. ಬೇರೆ ಮಕ್ಕಳಿಗೆ ಪೆಟ್ಟಾಗುತ್ತಿದೆ ಎಂಬ ಮಾತೂ ಜೊತೆಗಿದ್ದರೆ ಟೀಚರನ್ನು ಕಂಡು ಮಾತಾಡಿ. ಎರಡೂ ಇಲ್ಲವಾದರೆ ಅತ್ತೆಯವರಿಗೆ ಧೈರ್ಯವಾಗಿ ಹೇಳಿ: ‘ಹುಡುಗ ತುಂಬಾ ಹುರುಪಿನವನಂತೆ ಅತ್ತೆ, ಗಲಾಟೆ ಸ್ವಲ್ಪ ಜಾಸ್ತಿಯಂತೆ.’